ಗಾಳದ ಹುಸಿಹುಳ: ನೀಲಗಿರಿಯ ತೊರೆಗಳು ಮತ್ತು ಹೆಸರಿನ ಪ್ರಶ್ನೆ

ಗಡಿಯಾಚೆಯ ಕನ್ನಡ ಅಂದರೆ ನಾವು ಸಾಮಾನ್ಯವಾಗಿ ಶಾಸನ, ಶಾಲೆ, ಜನಗಣತಿ ಇವುಗಳ ಬಗ್ಗೆ ಮಾತಾಡುತ್ತೇವೆ. ನಾನು ಇವತ್ತು ಬೆರಳ ತುದಿಯಲ್ಲಿ ಹಿಡಿಯುವಂಥ ಒಂದು ವಸ್ತುವನ್ನ ಎತ್ತಿಕೊಂಡಿದ್ದೇನೆ. ಸಣ್ಣ ಗಾಳಕ್ಕೆ ನೂಲು, ತುಪ್ಪಳ, ಗರಿ ಸುತ್ತಿ ನೀರುಹುಳದ ಹಾಗೆ ಕಾಣುವಂತೆ ಕಟ್ಟಿದ ಹುಸಿಹುಳ ಅದು. ಇಂಗ್ಲಿಷಿನವರು ಅದಕ್ಕೆ ಫ್ಲೈ ಅಂತಾರೆ. ನೀಲಗಿರಿಯ ಚರಿತ್ರೆಗೂ ಇದಕ್ಕೂ ಏನು ಸಂಬಂಧ ಅಂತ ಕೇಳಬಹುದು. ಸಂಬಂಧ ಇದೆ.

ಮೊದಲು ಹುಳದ ವಿಷಯ. ಮೇಫ್ಲೈ ಎಂಬ ಕೀಟ ತನ್ನ ಆಯುಸ್ಸಿನ ಹೆಚ್ಚು ಪಾಲನ್ನು ತೊರೆಯ ತಳದಲ್ಲಿ, ಕಲ್ಲಿನ ಅಡಿಯಲ್ಲಿ ಕಳೆಯುತ್ತದೆ. ಆ ಹಂತಕ್ಕೆ ನಿಂಫ್ ಎಂದು ಹೆಸರು. ಕಾಲ ಬಂದಾಗ ಅದು ಮೇಲಕ್ಕೆ ಈಜಿ ಬಂದು, ನೀರಿನ ಮೇಲೇ ಪೊರೆ ಕಳಚಿ, ಮಂಕು ಬಣ್ಣದ ರೆಕ್ಕೆಯೊಂದಿಗೆ ಏಳುತ್ತದೆ. ಇದು ಡನ್. ಡನ್ ಹೋಗಿ ಗಿಡದ ಮೇಲೆ ಕೂತು ಇನ್ನೊಮ್ಮೆ ಪೊರೆ ಬಿಡುತ್ತದೆ. ಹಾರುವ ರೆಕ್ಕೆ ಬಂದ ಮೇಲೂ ಪೊರೆ ಬಿಡುವ ಕೀಟಗಣ ಇದೊಂದೇ. ಆಮೇಲೆ ಗಾಜಿನಂಥ ರೆಕ್ಕೆಯ ಸ್ಪಿನ್ನರ್ ಆಗಿ, ಕೂಡಿ, ಮೊಟ್ಟೆಯಿಟ್ಟು, ರೆಕ್ಕೆ ಚಾಚಿಕೊಂಡು ನೀರಿಗೆ ಬಿದ್ದು ಸಾಯುತ್ತದೆ.

ಹುಸಿಹುಳ ಕಟ್ಟುವವನು ಈ ಒಂದೊಂದು ಹಂತಕ್ಕೂ ಬೇರೆ ಬೇರೆ ರೀತಿಯಲ್ಲಿ ಕಟ್ಟಬೇಕು. ನಿಂಫ್ ಮುಳುಗಬೇಕು, ಅದಕ್ಕೇ ತಾಮ್ರದ ತಂತಿ ಸುತ್ತುತ್ತಾರೆ. ಡನ್ ತೇಲಬೇಕು, ಅದಕ್ಕೇ ಹುಂಜದ ಕುತ್ತಿಗೆಯ ಗಟ್ಟಿ ಗರಿಯನ್ನು ಗಾಳದ ಸುತ್ತ ಸುತ್ತಿ, ಎಳೆಗಳು ಕಾಲಿನ ಹಾಗೆ ಸುತ್ತಲೂ ಚಾಚಿಕೊಳ್ಳುವಂತೆ ಮಾಡುತ್ತಾರೆ. ಸತ್ತು ಬಿದ್ದ ಸ್ಪಿನ್ನರಿಗೆ ರೆಕ್ಕೆ ಎರಡೂ ಪಕ್ಕಕ್ಕೆ ಅಡ್ಡವಾಗಿರಬೇಕು. ಅಂದರೆ ಒಂದು ಹುಸಿಹುಳ ನೋಡಿದರೆ ಕಟ್ಟಿದವನಿಗೆ ತನ್ನ ತೊರೆ ಎಷ್ಟು ಗೊತ್ತು ಅಂತ ಹೇಳಬಹುದು. ನನ್ನ ಲೆಕ್ಕದಲ್ಲಿ ಅದೂ ಒಂದು ದಾಖಲೆಯೇ.

ಇಂಗ್ಲೆಂಡಿನಲ್ಲಿ ಈ ತಿಳಿವಳಿಕೆ ಪುಸ್ತಕಕ್ಕೆ ಏರಿತು. 1836ರಲ್ಲಿ ಆಲ್‌ಫ್ರೆಡ್ ರೊನಾಲ್ಡ್ಸ್ ಜೀವಂತ ಕೀಟವನ್ನೂ ಅದರ ಅನುಕರಣೆಯನ್ನೂ ಅಕ್ಕಪಕ್ಕ ಚಿತ್ರಿಸಿದ. 1886ರಲ್ಲಿ ಹಾಲ್‌ಫರ್ಡ್ ತೇಲುವ ಹುಳದ ಬಗ್ಗೆ ಬರೆದ. ತೇಲುವುದೇ ಸರಿ ಅನ್ನುವ ಪಂಥ ಬೆಳೆಯಿತು. ಸ್ಕ್ಯೂಸ್ ಎಂಬ ವಕೀಲ 1910ರಲ್ಲಿ, ಮೀನು ಬಹಳಷ್ಟು ಸಲ ನೀರಿನೊಳಗೇ ನಿಂಫ್ ತಿನ್ನುತ್ತೆ, ನೀವು ಮೇಲೆ ಯಾಕೆ ನೋಡ್ತೀರಿ ಅನ್ನುವ ಧಾಟಿಯಲ್ಲಿ ವಾದ ಹೂಡಿದ. ಜಗಳ ಎಷ್ಟು ಬೆಳೆಯಿತು ಅಂದರೆ 1938ರಲ್ಲಿ ಲಂಡನ್ನಿನ ಫ್ಲೈಫಿಷರ್ಸ್ ಕ್ಲಬ್ಬಿನಲ್ಲಿ ಅದರ ಮೇಲೆ ಚರ್ಚಾಕೂಟವೇ ನಡೆಯಿತು. ಆಮೇಲೆ ಫ್ರಾಂಕ್ ಸಾಯರ್ ಎಂಬ ನದಿ ಕಾವಲುಗಾರ ಬರೀ ತಾಮ್ರದ ತಂತಿ, ಫೆಸೆಂಟ್ ಹಕ್ಕಿಯ ಬಾಲದ ಎಳೆ ಇಟ್ಟುಕೊಂಡು ಕಟ್ಟಿದ ನಿಂಫ್ ಜಗತ್ತಿಗೆಲ್ಲ ಹರಡಿತು. ಅವನು ದಿನವೂ ನೀರಿನ ಪಕ್ಕ ಕೆಲಸ ಮಾಡಿದವನು. ಅವನ ತಿಳಿವಳಿಕೆ ಅವನ ಹೆಸರಿನಲ್ಲೇ ಉಳಿಯಿತು ಅನ್ನೋದನ್ನ ನೆನಪಿಡಿ.

ಈಗ ನೀಲಗಿರಿಗೆ ಬರೋಣ. 1860ರ ದಶಕದಲ್ಲಿ ಫ್ರಾನ್ಸಿಸ್ ಡೇ ಇಲ್ಲಿಗೆ ಟ್ರೌಟ್ ತರಲು ಯತ್ನಿಸಿ ಸೋತ. 1877ರಲ್ಲಿ ನೀಲಗಿರಿ ಗೇಮ್ ಅಸೋಸಿಯೇಷನ್ ಹುಟ್ಟಿತು. 1879ರ ಕಾಯ್ದೆ ಬೇಟೆಯ ಪ್ರಾಣಿಗಳ ಜೊತೆಗೆ, ಹೊರಗಿಂದ ತಂದು ಒಗ್ಗಿಸಿದ ಮೀನುಗಳಿಗೂ ರಕ್ಷಣೆ ಕೊಟ್ಟಿತು. ಗಮನಿಸಿ, ಟ್ರೌಟ್ ಇನ್ನೂ ನೆಲೆಯೂರಿರಲಿಲ್ಲ, ಕಾನೂನು ಮಾತ್ರ ಸಿದ್ಧ! 20ನೇ ಶತಮಾನದ ಮೊದಲ ದಶಕದಲ್ಲಿ ಎಚ್.ಸಿ. ವಿಲ್ಸನ್ ಅವಲಾಂಚಿಯಲ್ಲಿ ಮೀನುಮರಿ ಕೇಂದ್ರ ನಡೆಸಿದ ಮೇಲೆ ರೇನ್‌ಬೋ ಟ್ರೌಟ್ ಒಗ್ಗಿತು. ಅದರ ಮೂಲ ಇಂಗ್ಲೆಂಡ್ ಕೂಡ ಅಲ್ಲ, ಉತ್ತರ ಅಮೆರಿಕದ ಪೆಸಿಫಿಕ್ ಕಡೆಯ ನದಿಗಳು.

ಮೀನು ಈ ಕಡೆ ಬಂತು, ಗರಿ ಆ ಕಡೆ ಹೋಯಿತು. ನಮ್ಮ ದಕ್ಷಿಣದ ಕಾಡುಗಳ ಬೂದು ಕಾಡುಕೋಳಿ ಇದೆಯಲ್ಲ, ಅದರ ಹುಂಜದ ಕುತ್ತಿಗೆಯ ಗರಿಯಲ್ಲಿ ಅರಗು ಹಚ್ಚಿದಂಥ ಹಳದಿ ಚುಕ್ಕೆ ಇರುತ್ತದೆ. ಸಾಲ್ಮನ್ ಮೀನಿಗೆ ಕಟ್ಟುವ ಫ್ಲೈಗಳಲ್ಲಿ ಅದನ್ನು ಕೆನ್ನೆಯ ಹಾಗೆ ಎರಡೂ ಬದಿ ಕೂರಿಸುತ್ತಿದ್ದರು. 1902ರಲ್ಲಿ ಭಾರತ ಸರ್ಕಾರ ಕಾಡುಹಕ್ಕಿಗಳ ಗರಿ ರಫ್ತಿಗೆ ತಡೆ ಹಾಕಿತು. ಬ್ರಿಟಿಷ್ ಹವ್ಯಾಸಿಯ ಪುಸ್ತಕದಲ್ಲಿ ಆ ಗರಿಗೆ ಜಂಗಲ್ ಕಾಕ್ ಅನ್ನುವ ಹೆಸರು ಉಳಿಯಿತು. ಅದನ್ನು ಹಿಡಿದವನ ಹೆಸರು, ಅವನು ಆಡಿದ ಮಾತು ಅಲ್ಲಿಗೆ ತಲುಪಲಿಲ್ಲ.

ನನ್ನ ಪ್ರಶ್ನೆ ಇಲ್ಲಿಂದ ಶುರು. ನೀಲಗಿರಿಯ ತೊರೆಗಳಲ್ಲಿ ಟ್ರೌಟ್ ಬರುವ ಮೊದಲೂ ನೀರುಹುಳಗಳಿದ್ದವು. ಆ ತೊರೆಗಳ ದಡದಲ್ಲಿ ತೋಡ, ಕೋತ, ಕುರುಂಬ, ಬಡಗ ಜನ ಬದುಕಿದರು. ಬಡಗ ಅಂದರೆ ಬಡಗಣದಿಂದ ಬಂದವನು; ಮೈಸೂರು ಸೀಮೆಯಿಂದ ಬಂದವರೆಂದು ಅವರ ಐತಿಹ್ಯ, ಅವರ ನುಡಿ ಕನ್ನಡಕ್ಕೆ ಹತ್ತಿರದ್ದು. ಆದರೆ ನಾವು ಈಗ ಈ ಹುಳಗಳ ಬಗ್ಗೆ ಮಾತಾಡಬೇಕಾದರೆ ನಿಂಫ್, ಡನ್, ಸ್ಪಿನ್ನರ್ ಅಂತ ಇಂಗ್ಲೆಂಡಿನ ನದಿಯ ಪದ ಹಿಡಿದುಕೊಂಡೇ ಮಾತಾಡುತ್ತೇವೆ. ನಾನೂ ಈಗ ಅದನ್ನೇ ಮಾಡಿದೆ.

ಕನ್ನಡಕ್ಕೆ ಕೀಟದ ಹಂತಗಳನ್ನು ಹೆಸರಿಸುವ ಶಕ್ತಿ ಇಲ್ಲ ಅಂತ ಯಾರಾದರೂ ಹೇಳಿದರೆ ರೇಷ್ಮೆ ಮನೆಗೆ ಕರಕೊಂಡು ಹೋಗಿ. ಹೊಸೂರು, ತಾಳವಾಡಿ ಸೀಮೆಯಲ್ಲೂ ರೇಷ್ಮೆ ಬೆಳೆಯುತ್ತಾರೆ. ಹುಳು ಪೊರೆ ಬಿಡಲು ಮೇವು ಬಿಟ್ಟು ಮಲಗಿದರೆ ಕನ್ನಡದ ರೈತ ಅದಕ್ಕೆ ಜ್ವರ ಅಂತಾನೆ. ಒಂದನೇ ಜ್ವರ, ಎರಡನೇ ಜ್ವರ ಅಂತ ಎಣಿಸುತ್ತಾನೆ. ಗೂಡು ಕಟ್ಟಲು ಸಿದ್ಧವಾದದ್ದು ಹಣ್ಣಾದ ಹುಳು, ಅದನ್ನು ಬಿಡುವುದು ಚಂದ್ರಿಕೆಗೆ. ಕೈಗೆ ಅಗತ್ಯ ಇದ್ದಲ್ಲಿ ಬಾಯಿಗೆ ಪದ ಬರುತ್ತದೆ. ಹಾಗಾಗಿ ತೊರೆಯ ಹುಳಕ್ಕೆ ನಮ್ಮಲ್ಲಿ ಪದ ಇಲ್ಲ ಅನ್ನುವ ತೀರ್ಮಾನಕ್ಕೆ ಕೇಳದೆ ಬರಬಾರದು.

ವಿದ್ಯಾರ್ಥಿ ಗೆಳೆಯರಲ್ಲಿ ನನ್ನ ಕೋರಿಕೆ ಇಷ್ಟು. ಬೆಟ್ಟದ ಹಟ್ಟಿಗಳಿಗೆ ಹೋದಾಗ ಹಾಡು, ಗಾದೆ ಮಾತ್ರ ಕೇಳಬೇಡಿ. ಹಿರಿಯರನ್ನು ತೊರೆಯ ಹತ್ತಿರ ಕರೆದುಕೊಂಡು ಹೋಗಿ, ಒಂದು ಕಲ್ಲು ಮಗುಚಿ, ಅದಕ್ಕೆ ಅಂಟಿರುವ ಹುಳವನ್ನು ತೋರಿಸಿ, ಇದಕ್ಕೆ ಏನಂತೀರಿ, ರೆಕ್ಕೆ ಬಂದ ಮೇಲೆ ಏನಂತೀರಿ ಅಂತ ಕೇಳಿ. ಸಿಕ್ಕ ಪದವನ್ನು ಅವರ ಉಚ್ಚಾರದಲ್ಲೇ, ಕನ್ನಡಕ್ಕೆ ತಿದ್ದದೆ ಬರೆದುಕೊಳ್ಳಿ. ಪದ ಇಲ್ಲ ಅಂದರೆ ಅದನ್ನೂ ಬರೆದುಕೊಳ್ಳಿ. ಕಲ್ಲನ್ನು ಮತ್ತೆ ಮೊದಲಿನ ಹಾಗೆ ಇಟ್ಟು ಬನ್ನಿ, ಅದರ ಅಡಿಯಲ್ಲಿ ಇನ್ನೂ ಹುಳ ಇರುತ್ತದೆ.