ಮಕ್ಕಳ ಬೇಸಿಗೆ ವಿಜ್ಞಾನ ಕಲಿಕೆ

ಮಕ್ಕಳ ಬೇಸಿಗೆ ವಿಜ್ಞಾನ ಕಲಿಕೆ ಎಂದರೆ ಬೇಸಿಗೆ ರಜೆಯಲ್ಲಿ ಚಿಕ್ಕ ಮಕ್ಕಳು ಕೈತೋಟ, ಸಾಕುಪ್ರಾಣಿ, ಕೀಟ ಮತ್ತು ಪಕ್ಷಿಗಳನ್ನು ನೇರವಾಗಿ ಗಮನಿಸಿ, ಸ್ವತಃ ಕೆಲಸ ಮಾಡಿ ವಿಜ್ಞಾನದ ಮೂಲ ಪರಿಕಲ್ಪನೆಗಳನ್ನು ಅರಿಯುವ ವಿಧಾನ. ಇದು ಮನೆಯ ಹಿತ್ತಲು, ಶಾಲಾ ಕೈತೋಟ ಹಾಗೂ ಬೇಸಿಗೆ ಶಿಬಿರಗಳಲ್ಲಿ ನಡೆಯುತ್ತದೆ. ಕರ್ನಾಟಕದ ಶಾಲೆಗಳಿಗೆ ಸಾಮಾನ್ಯವಾಗಿ ಏಪ್ರಿಲ್ ಎರಡನೆಯ ವಾರದಿಂದ ಮೇ ಅಂತ್ಯದವರೆಗೆ, ಅಂದರೆ ಆರೇಳು ವಾರಗಳ ರಜೆ ಇರುತ್ತದೆ. ಆರಂಭದಿಂದ ಕೊನೆಯವರೆಗೆ ಈ ಅವಧಿಯಲ್ಲೇ ನೋಡಿ ಮುಗಿಸಬಹುದಾದ ಸಸ್ಯ ಹಾಗೂ ಪ್ರಾಣಿಗಳನ್ನು ಆರಿಸಿಕೊಳ್ಳುವುದು ಇದರಲ್ಲಿ ಮುಖ್ಯ.

ಹಿನ್ನೆಲೆ

ಜರ್ಮನಿಯ ಶಿಕ್ಷಣತಜ್ಞ ಫ್ರೆಡ್ರಿಕ್ ಫ್ರೊಬೆಲ್ 1837ರಲ್ಲಿ ಆರಂಭಿಸಿದ ಶಿಶುಶಾಲೆಯು 1840ರಲ್ಲಿ ‘ಕಿಂಡರ್‌ಗಾರ್ಟನ್’, ಅಂದರೆ ‘ಮಕ್ಕಳ ತೋಟ’ ಎಂಬ ಹೆಸರು ಪಡೆಯಿತು. ಮಕ್ಕಳು ತಮ್ಮದೇ ಪಾತಿಗಳಲ್ಲಿ ಗಿಡ ಬೆಳೆಸುವುದು ಅವನ ಪದ್ಧತಿಯ ಭಾಗವಾಗಿತ್ತು. ಭಾರತದಲ್ಲಿ 1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿಯವರು ಮಂಡಿಸಿದ ಮೂಲಶಿಕ್ಷಣವು ಕೈಕೆಲಸವನ್ನು ಕಲಿಕೆಯ ಕೇಂದ್ರದಲ್ಲಿರಿಸಿತು. ಕನ್ನಡದಲ್ಲಿ ಮಕ್ಕಳಿಗಾಗಿ ವಿಜ್ಞಾನ ಬರೆದವರಲ್ಲಿ ಶಿವರಾಮ ಕಾರಂತರು ಪ್ರಮುಖರು. ಅವರ ‘ಬಾಲಪ್ರಪಂಚ’ದ ಮೂರು ಸಂಪುಟಗಳು 1936ರಲ್ಲಿ ಪ್ರಕಟವಾದವು. 1980ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ‘ಬಾಲ ವಿಜ್ಞಾನ’ ಮಾಸಪತ್ರಿಕೆಯನ್ನು ಪ್ರಕಟಿಸುತ್ತ ಬಂದಿದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ‘ನಲಿಕಲಿ’ಯು ಚಟುವಟಿಕೆ ಆಧಾರಿತ ಕಲಿಕೆಯನ್ನು ಸರ್ಕಾರಿ ಶಾಲೆಗಳ ಕಿರಿಯ ತರಗತಿಗಳಿಗೆ ತಂದಿತು.

ಒಣಪ್ರದೇಶದ ಬೇಸಿಗೆ

ತಾಳ್ಯವು ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಮಳೆ ಕಡಿಮೆಯಿರುವ ಈ ಜಿಲ್ಲೆಯಲ್ಲಿ ರಾಗಿ, ಮೆಕ್ಕೆಜೋಳ ಮತ್ತು ಶೇಂಗಾ ಮಳೆಯಾಶ್ರಿತ ಬೆಳೆಗಳು. ನೀರಿರುವೆಡೆ ಅಡಿಕೆ, ತೆಂಗಿನ ತೋಟಗಳಿವೆ. ಇಲ್ಲಿನ ಬೇಸಿಗೆಯಲ್ಲಿ ತೋಟಗಾರಿಕೆಯ ಮೊದಲ ಪಾಠ ನೀರೇ ಆಗಿರುತ್ತದೆ. ತರಕಾರಿ ತೊಳೆದ ನೀರನ್ನು ಗಿಡಕ್ಕೆ ಹಾಕುವುದು, ಒಂದೇ ಬಗೆಯ ಮಣ್ಣಿರುವ ಎರಡು ಕುಂಡಗಳಿಗೆ ಸಮನಾಗಿ ನೀರುಣಿಸಿ ಒಂದಕ್ಕೆ ಮಾತ್ರ ತರಗೆಲೆ ಹೊದಿಸುವುದು ಸರಳ ಪ್ರಯೋಗಗಳು. ಎರಡು ದಿನಗಳ ಬಳಿಕ ಬೆರಳಿನಿಂದ ಮಣ್ಣು ಮುಟ್ಟಿ ನೋಡಿದ ಮಗುವಿಗೆ ಹೊದಿಕೆಯು ತೇವವನ್ನು ಉಳಿಸುತ್ತದೆ ಎಂಬುದು ತಿಳಿಯುತ್ತದೆ. ಏಪ್ರಿಲ್ ಕೊನೆಯ ಭರಣಿ ಮಳೆ ಹಾಗೂ ಮೇ ತಿಂಗಳ ಕೃತ್ತಿಕಾ ಮಳೆಯನ್ನು ನೇರ ಗೋಡೆಯ, ಬಾಯಿ ಅಗಲವಾದ ಡಬ್ಬಿಯಲ್ಲಿ ಹಿಡಿದು ಅಳತೆಪಟ್ಟಿಯಿಂದ ಮಿಲಿಮೀಟರ್‌ಗಳಲ್ಲಿ ದಾಖಲಿಸಬಹುದು.

ಬರಗಾಲದ ವರ್ಷಗಳಲ್ಲಿ ರಜೆಯು ಊಟದ ಪ್ರಶ್ನೆಯೂ ಆಗುತ್ತದೆ. 2016ರ ಮೇ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಬರಪೀಡಿತ ಪ್ರದೇಶಗಳಲ್ಲಿ ಬೇಸಿಗೆ ರಜೆಯಲ್ಲಿಯೂ ಮಧ್ಯಾಹ್ನದ ಊಟ ನೀಡಬೇಕೆಂದು ಆದೇಶಿಸಿತು. 2017ರ ಬೇಸಿಗೆಯಲ್ಲಿ ಕರ್ನಾಟಕದ ಬರಪೀಡಿತ ತಾಲ್ಲೂಕುಗಳ ಶಾಲೆಗಳಲ್ಲಿ ಬಿಸಿಯೂಟದೊಂದಿಗೆ ‘ಬೇಸಿಗೆ ಸಂಭ್ರಮ’ ಎಂಬ ಚಟುವಟಿಕೆ ಕಾರ್ಯಕ್ರಮ ನಡೆಯಿತು.

ರಜೆಗೆ ಹೊಂದುವ ಜೀವಿಗಳು

• ಹೆಸರುಕಾಳು: ನೆನೆಸಿ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರೆ 1–2 ದಿನಗಳಲ್ಲಿ ಮೊಳೆಯುತ್ತದೆ.
• ಮೆಂತ್ಯ ಸೊಪ್ಪು: ಬಿತ್ತಿದ 3–4 ವಾರಗಳಲ್ಲಿ ಕೊಯ್ಲಿಗೆ ಬರುತ್ತದೆ.
• ನಿಂಬೆ ಚಿಟ್ಟೆ: ನಿಂಬೆ ಜಾತಿಯ ಗಿಡಗಳ ಎಲೆಗಳ ಮೇಲೆ ಮೊಟ್ಟೆಯಿಡುತ್ತದೆ, ಮೊಟ್ಟೆಯಿಂದ ಚಿಟ್ಟೆಯಾಗಲು ಸುಮಾರು 4 ವಾರ ಬೇಕು.
• ಕೋಳಿ: ಕಾವು ಕೂತ 21 ದಿನಗಳಿಗೆ ಮರಿಗಳು ಹೊರಬರುತ್ತವೆ.
• ರೇಷ್ಮೆಹುಳು: ಮರಿಹುಳು 24–28 ದಿನಗಳಲ್ಲಿ ಗೂಡು ಕಟ್ಟುವ ಹಂತ ತಲುಪುತ್ತದೆ.

ರೇಷ್ಮೆಹುಳುವು ನಾಲ್ಕು ಬಾರಿ ಪೊರೆ ಕಳಚುತ್ತದೆ. ಬೆಳೆಗಾರರು ಇದನ್ನು ‘ಜ್ವರ’ ಎನ್ನುತ್ತಾರೆ. ಜ್ವರಕ್ಕೆ ಕೂತ ಹುಳು ಮೇಯುವುದಿಲ್ಲ. ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಟ್ಟಾಗ ಅದು ಗೂಡು ಕಟ್ಟುತ್ತದೆ. ಗೂಡನ್ನು ಹಾಗೆಯೇ ಬಿಟ್ಟರೆ ಹತ್ತು ಹನ್ನೆರಡು ದಿನಗಳಲ್ಲಿ ಪತಂಗ ಹೊರಬರುತ್ತದೆ. ಕಡುಬಿಸಿಲಿನ ಶಾಖ, ಬಾಡಿದ ಸೊಪ್ಪು ಮತ್ತು ಕೀಟನಾಶಕ ಸಿಂಪಡಿಸಿದ ಸೊಪ್ಪು ಹುಳುಗಳಿಗೆ ಮಾರಕ. ಆದ್ದರಿಂದ ಸಾಕಣೆ ತಂಪಾದ, ಗಾಳಿಯಾಡುವ ಸ್ಥಳದಲ್ಲಿ ನಡೆಯಬೇಕು.

ಕಲಿಕೆಯ ಕ್ರಮ

ಮಗು ಮೊದಲು ಊಹಿಸುತ್ತದೆ, ನಂತರ ನೋಡುತ್ತದೆ, ಕೊನೆಗೆ ದಾಖಲಿಸುತ್ತದೆ. ಬರೆಯಲು ಬಾರದ ಮಕ್ಕಳು ಚಿತ್ರ ಬಿಡಿಸಬಹುದು ಅಥವಾ ಗಿಡದ ಎತ್ತರಕ್ಕೆ ದಾರ ಕತ್ತರಿಸಿ ಹಾಳೆಗೆ ಅಂಟಿಸಬಹುದು. ಹೋಲಿಕೆಯ ಪ್ರಯೋಗದಲ್ಲಿ ಒಂದೇ ಒಂದು ಅಂಶವನ್ನು, ಉದಾಹರಣೆಗೆ ಬೆಳಕನ್ನು ಮಾತ್ರ ಬದಲಿಸಲಾಗುತ್ತದೆ. ಗಿಡ ಒಣಗಿದರೆ ಅಥವಾ ಮೊಟ್ಟೆ ಒಡೆಯದಿದ್ದರೆ ಅದನ್ನು ಮರೆಮಾಚದೆ ದಾಖಲಿಸಿ ಕಾರಣ ಹುಡುಕುವುದೂ ಕಲಿಕೆಯ ಭಾಗವೇ. ಜೀವಿಯೊಂದು ತನ್ನ ಆರೈಕೆಯನ್ನೇ ಅವಲಂಬಿಸಿದೆ ಎಂಬ ಹೊಣೆಯರಿವು ಹೀಗೆ ಮೂಡುತ್ತದೆ.

ಮನೆಯಲ್ಲಿ ಕಾಣಲಾಗದ ಪ್ರಾಣಿಗಳ ವೀಕ್ಷಣೆಗೆ ಚಿತ್ರದುರ್ಗದ ಜೋಗಿಮಟ್ಟಿ ಅರಣ್ಯದ ಅಂಚಿನ ಆಡುಮಲ್ಲೇಶ್ವರ ಕಿರು ಮೃಗಾಲಯ ಅನುಕೂಲಕರ. 1892ರಲ್ಲಿ ಸ್ಥಾಪನೆಯಾದ ಮೈಸೂರು ಮೃಗಾಲಯವು ಮಕ್ಕಳಿಗಾಗಿ ಬೇಸಿಗೆ ಶಿಬಿರಗಳನ್ನು ನಡೆಸುತ್ತದೆ.

ಸುರಕ್ಷತೆ ಮತ್ತು ಕಾನೂನು

ಹೊರಾಂಗಣ ಚಟುವಟಿಕೆಗಳಿಗೆ ಬೆಳಿಗ್ಗೆ ಮತ್ತು ಸಂಜೆಯ ಹೊತ್ತು ಸೂಕ್ತ. ಮಣ್ಣು, ಕೋಳಿ ಅಥವಾ ಮೊಟ್ಟೆ ಮುಟ್ಟಿದ ಬಳಿಕ ಸೋಪಿನಿಂದ ಕೈ ತೊಳೆಯಬೇಕು. ಎಕ್ಕದ ಹಾಲು ಕಣ್ಣಿಗೆ ಅಪಾಯಕಾರಿ. ದತ್ತೂರಿ ಮತ್ತು ಕಣಗಿಲೆ ವಿಷಕಾರಿ ಸಸ್ಯಗಳು. ನಾಯಿ ಅಥವಾ ಬೆಕ್ಕು ಕಚ್ಚಿದರೆ ಗಾಯವನ್ನು ಸೋಪು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆದು ತಡಮಾಡದೆ ಆಸ್ಪತ್ರೆಗೆ ಹೋಗಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ನಾಡಿನ ಗಿಳಿ, ನಕ್ಷತ್ರ ಆಮೆ ಮುಂತಾದ ವನ್ಯಜೀವಿಗಳನ್ನು ಹಿಡಿದು ಸಾಕುವುದು ಅಪರಾಧ. ಅವುಗಳನ್ನು ಇದ್ದಲ್ಲಿಯೇ ನೋಡಬೇಕು. ಹಕ್ಕಿಗಳಿಗಾಗಿ ನೆರಳಿನಲ್ಲಿ ಮಣ್ಣಿನ ಬಟ್ಟಲಲ್ಲಿ ನೀರಿಟ್ಟು ಬಂದುಹೋಗುವವುಗಳನ್ನು ಎಣಿಸುವುದು ಇದಕ್ಕೆ ಸುಲಭ ಮಾರ್ಗ.