ಚಿತ್ರದ ಪಕ್ಕದ ಅಕ್ಷರ

ಹೌರಾ ಸ್ಟೇಷನ್ನಿನಲ್ಲಿ ಬ್ಯಾಂಡೆಲ್ ಲೋಕಲ್ ಹತ್ತಿದರೆ ಅರ್ಧ ಗಂಟೆಗೆ ತುಸು ಮೇಲೆ ಶ್ರೀರಾಮಪುರ ಬರುತ್ತದೆ. ನಮ್ಮಲ್ಲಿ ಹಲವರು ಆ ದಾರಿಯಲ್ಲಿ ಓಡಾಡುವವರೇ. ಆದರೆ ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಅಚ್ಚಾದದ್ದು ಆ ಊರಿನ ಮಿಷನ್ ಮುದ್ರಣಾಲಯದಲ್ಲಿ ಎಂಬುದು ಎಷ್ಟು ಮಂದಿಗೆ ಗೊತ್ತು?

ಇದು ಈಗ ನೆನಪಾಗಲು ಕಾರಣವಿದೆ. ಸ್ಮರಣ ಸಂಚಿಕೆಯೊಂದರಲ್ಲಿ ಅಗಲಿದ ಹಿರಿಯರೊಬ್ಬರ ಭಾವಚಿತ್ರವನ್ನೂ ಅದರ ಪಕ್ಕದಲ್ಲಿ ಪರಿಚಯವನ್ನೂ ಹಾಕಿದ್ದೆವು. ಪುಟವನ್ನು ಫೋಟೊ ತಿದ್ದುವ ಸಾಫ್ಟ್‌ವೇರಿನಲ್ಲೇ ಕಟ್ಟಲಾಗಿತ್ತು. ಸಾಲುಗಳು ಹೆಗಲ ಮೇಲೆ ನುಗ್ಗಿದ್ದವು. ಹೆಸರಿನ ಒತ್ತಕ್ಷರ ಬಿಚ್ಚಿ ಬೇರೆಯಾಗಿತ್ತು. ಅವರ ಮಡದಿ ಕನ್ನಡಕ ಸರಿಪಡಿಸಿಕೊಂಡು ನೋಡಿ, "ಇದು ನಮ್ಮವರ ಹೆಸರೇ ಅಲ್ಲವಲ್ಲಪ್ಪ" ಎಂದರು. ಕರಡು ತಿದ್ದಿದವನು ನಾನೇ.

ಸೀಸದ ಮೊಳೆಗಳ ಕಾಲದಲ್ಲಿ ಅಕ್ಷರ ಚಿತ್ರದ ಮೇಲೆ ಹತ್ತುವಂತಿರಲಿಲ್ಲ. ಚಿತ್ರದ ಬ್ಲಾಕನ್ನು ಮರದ ತುಂಡಿಗೆ ಬಡಿದು ಮೊಳೆಯ ಎತ್ತರಕ್ಕೆ ತರುತ್ತಿದ್ದರು. ಅದು ಹಿಡಿದ ಜಾಗ ಅದರದೇ. ಪಕ್ಕದ ಸಾಲುಗಳನ್ನು ಮೊಳೆ ಜೋಡಿಸುವವನು ಕಿರಿದಾದ ಅಳತೆಗೆ ಕೂಡಿಸಿ, ಬ್ಲಾಕು ಮುಗಿದ ಮೇಲೆ ಮತ್ತೆ ಪೂರ್ತಿ ಅಗಲಕ್ಕೆ ಹೋಗಬೇಕು. ಕನ್ನಡದಲ್ಲಿ ಇದು ಇನ್ನೂ ಕಷ್ಟ. ನಮ್ಮ ಪದಗಳು ಉದ್ದ. ಕಿರಿದಾದ ಸಾಲಿನಲ್ಲಿ ಎರಡು ಹಿಡಿದರೆ ಮೂರನೆಯದು ಹಿಡಿಯದು, ನಡುವೆ ಬಿಳಿ ಕಂದಕ. ಒತ್ತುಗಳಿಗೆ ಸಾಲಿನ ಕೆಳಗೂ ಎಡೆ ಬೇಕು.

ಈ ಸೀಮೆಯಲ್ಲಿ ಆ ಕಸುಬು ಹಳೆಯದು. 1778ರಲ್ಲಿ ಹೂಗ್ಲಿಯಲ್ಲಿ ಹಾಲ್ಹೆಡನ ಬಂಗಾಳಿ ವ್ಯಾಕರಣ ಅಚ್ಚಾದಾಗ ಚಾರ್ಲ್ಸ್ ವಿಲ್ಕಿನ್ಸನ ಜೊತೆ ಅಕ್ಷರ ಕೆತ್ತಿದವನು ಪಂಚಾನನ ಕರ್ಮಕಾರ. ಮುಂದೆ ಅವನು ಶ್ರೀರಾಮಪುರ ಸೇರಿದ. ಅಳಿಯ ಮನೋಹರ ಆ ಕೆಲಸ ಮುಂದುವರಿಸಿದ. 1812ರ ಮಾರ್ಚಿನಲ್ಲಿ ಮುದ್ರಣಾಲಯಕ್ಕೆ ಬೆಂಕಿ ಬಿತ್ತು. ಮೊಳೆಗಳು ಕರಗಿದವು, ಕೈಬರಹಗಳು ಸುಟ್ಟವು. ಅಕ್ಷರದ ಪಡಿಯಚ್ಚುಗಳು ಬೂದಿಯಲ್ಲಿ ಉಳಿದಿದ್ದರಿಂದ ಮತ್ತೆ ಮೊಳೆ ಎರಕ ಹೊಯ್ದರು. ಕೇರಿಯ ಕನ್ನಡ ವ್ಯಾಕರಣ ಬಂದದ್ದು ಇದಾದ ಐದು ವರ್ಷಕ್ಕೆ.

ಮಂಗಳೂರಿನವರು ಬೇರೆ ದಾರಿ ಹಿಡಿದರು. ಬಾಸೆಲ್ ಮಿಷನ್ನಿನ ಮೋಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಕಲ್ಲಚ್ಚಿನಲ್ಲಿ ತಂದ. ಕಲ್ಲಚ್ಚಿನಲ್ಲಿ ಬರೆಹ ಕೈಯದೇ. ಚಿತ್ರವೊಂದಿದ್ದರೆ ಲೇಖನಿ ತಾನೇ ಅದನ್ನು ಸುತ್ತಿಕೊಂಡು ಹೋಗಬಹುದು.

ಕಂಪ್ಯೂಟರಿಗೆ ಮೊಳೆಯ ಸಂಕೋಚವೂ ಇಲ್ಲ, ಲೇಖನಿಯ ಕಣ್ಣೂ ಇಲ್ಲ. 1985ರಲ್ಲಿ ಬಂದ ಪೇಜ್‌ಮೇಕರಿನ ಜಾತಿಯ ಪುಟ ಕಟ್ಟುವ ಸಾಫ್ಟ್‌ವೇರುಗಳು ಚಿತ್ರದ ಸುತ್ತ ಸಾಲು ಹರಿಸಲು ಕಲಿತವು. ಫೋಟೊಶಾಪಿನಂಥದಕ್ಕೆ ಆ ಅಭ್ಯಾಸವಿಲ್ಲ. ಅದರ ಪಾಲಿಗೆ ಚಿತ್ರವೊಂದು ಪದರ, ಬರೆಹ ಇನ್ನೊಂದು ಪದರ, ಒಂದಕ್ಕೊಂದರ ಗುರುತಿಲ್ಲ. ಚಿತ್ರದ ಅಂಚನ್ನು ಬಿಟ್ಟು ಪೆನ್ ಉಪಕರಣದಿಂದ ಮುಚ್ಚಿದ ಆಕಾರವೊಂದನ್ನು ಎಳೆದು, ಅದರೊಳಗೆ ಬರೆಹ ತುಂಬಬೇಕು. ಹಳೆಯ ಆವೃತ್ತಿಗಳಲ್ಲಿ ಭಾರತೀಯ ಲಿಪಿಗಳ ಜೋಡಣೆಯನ್ನು ಆಯ್ಕೆಯಲ್ಲಿ ಮೊದಲೇ ತೆರೆದಿಡದಿದ್ದರೆ 'ಲಕ್ಷ್ಮಿ'ಯ ಒತ್ತುಗಳು ಉದುರಿ ಸಾಲಾಗಿ ನಿಲ್ಲುತ್ತಿದ್ದವು. ನಮಗಾದದ್ದು ಇದೇ.

ಪುಟವನ್ನು ಮತ್ತೆ ಕಟ್ಟಿ, ಒಂದೇ ಹಾಳೆ ಅಚ್ಚು ಹಾಕಿಸಿ ಆ ತಾಯಿಯ ಮನೆಗೆ ಕೊಂಡುಹೋದೆ. ಅವರು ಮೊದಲು ನೋಡಿದ್ದು ಹೆಸರನ್ನು, ಆಮೇಲೆ ಚಿತ್ರವನ್ನು.