2147483647
2147483647 (214 ಕೋಟಿ 74 ಲಕ್ಷ 83 ಸಾವಿರದ 647) ಹತ್ತು ಅಂಕಿಗಳ ಒಂದು ಅವಿಭಾಜ್ಯ ಸಂಖ್ಯೆ. 2ರ 31ನೆಯ ಘಾತದಲ್ಲಿ 1 ಕಳೆದರೆ ಬರುವ ಬೆಲೆ. ಏರಿಕೆಯ ಕ್ರಮದಲ್ಲಿ ಎಂಟನೆಯ ಮೆರ್ಸೆನ್ ಅವಿಭಾಜ್ಯ (2ರ ಯಾವುದೋ ಘಾತದಲ್ಲಿ 1 ಕಳೆದಾಗ ಬರುವ ಅವಿಭಾಜ್ಯ). ಘಾತಾಂಕವಾದ 31 ಸಹ ಮೆರ್ಸೆನ್ ಅವಿಭಾಜ್ಯವೇ. ದ್ವಿಮಾನ ಪದ್ಧತಿಯಲ್ಲಿ ಇದರ ರೂಪ ಸಾಲಾಗಿ 31 ಒಂದುಗಳು.

ಫ್ರಾನ್ಸಿನ ಮಾರಾಂ ಮೆರ್ಸೆನ್ 1644ರಲ್ಲಿ ಪ್ರಕಟಿಸಿದ, ಇಂಥ ಅವಿಭಾಜ್ಯಗಳನ್ನು ಕೊಡುವ ಘಾತಾಂಕಗಳ ಪಟ್ಟಿಯಲ್ಲಿ 31 ಇತ್ತು, ಸಾಧನೆ ಇರಲಿಲ್ಲ. ಅದನ್ನು 1772ರಲ್ಲಿ ಒದಗಿಸಿದವನು ಲಿಯೊನಾರ್ಡ್ ಆಯ್ಲರ್. ಈ ಸಂಖ್ಯೆಗೆ ಅವಿಭಾಜ್ಯ ಅಪವರ್ತನವಿದ್ದರೆ ಅದನ್ನು 248ರಿಂದ ಭಾಗಿಸಿದಾಗ ಶೇಷ 1 ಅಥವಾ 63 ಆಗಲೇಬೇಕು. ಇಂಥ ಮೊದಲ ಅವಿಭಾಜ್ಯ 311. ವರ್ಗಮೂಲ 46341ಕ್ಕಿಂತ ತುಸು ಕಡಿಮೆಯಾದ್ದರಿಂದ ಅದರಾಚೆಗೆ ಹುಡುಕಬೇಕಿಲ್ಲ. ಸಾವಿರಾರು ಭಾಗಾಕಾರಗಳು ಹೀಗೆ ಕೈಲೆಕ್ಕಕ್ಕೆ ನಿಲುಕುವಷ್ಟಕ್ಕೆ ಇಳಿದವು.

2147483647 ಅನ್ನು 2ರ 30ನೆಯ ಘಾತದಿಂದ ಗುಣಿಸಿದರೆ ಎಂಟನೆಯ ಪರಿಪೂರ್ಣ ಸಂಖ್ಯೆ (ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತಕ್ಕೆ ಸಮವಾದ ಸಂಖ್ಯೆ) 2305843008139952128 ದೊರೆಯುತ್ತದೆ. ಇದಕ್ಕಿಂತ ದೊಡ್ಡ ಪರಿಪೂರ್ಣ ಸಂಖ್ಯೆಯನ್ನು ಯಾರೂ ಕಂಡುಹಿಡಿಯಲಾರರೆಂದು ಪೀಟರ್ ಬಾರ್ಲೋ 1811ರಲ್ಲಿ ಬರೆದ. 1876ರಲ್ಲಿ ಎದುವಾರ್ ಲುಕಾ 127 ಘಾತಾಂಕದ ಮೆರ್ಸೆನ್ ಅವಿಭಾಜ್ಯವನ್ನು ಸಾಧಿಸಿದಾಗ ಆ ಮಾತು ಬಿದ್ದುಹೋಯಿತು.

ಕಂಪ್ಯೂಟರಿನಲ್ಲಿ ಚಿಹ್ನೆಸಹಿತ 32 ಬಿಟ್ ಪೂರ್ಣಾಂಕದ ಗರಿಷ್ಠ ಬೆಲೆ 2147483647. 1970ರ ಜನವರಿ 1ರಿಂದ ಸೆಕೆಂಡುಗಳನ್ನು ಎಣಿಸುವ ಯುನಿಕ್ಸ್ ಗಡಿಯಾರ ಈ 32 ಬಿಟ್ ಜಾಗವನ್ನಷ್ಟೇ ಬಳಸಿದರೆ, 2038ರ ಜನವರಿ 19ರಂದು ಭಾರತೀಯ ಕಾಲಮಾನ ಬೆಳಗ್ಗೆ 8:44:07ಕ್ಕೆ ಎಣಿಕೆ ತುಂಬಿ, ಮರುಕ್ಷಣ ಋಣಸಂಖ್ಯೆಗೆ ಹೊರಳುತ್ತದೆ.